ದಾಮಣ್ಣನ ಮೂರನೆಯ ನುಡಿ

ಮಗಳ ಮದುವೆಗೆಂದು ಮನೆಗೆ ಬಣ್ಣ ಹೊಡೆಸಲು ಹೊರಟಾಗ ಅಡುಗೆಮನೆಯ ಮೇಲಿನ ಮಾಳಾ ಖಾಲಿ ಮಾಡಬೇಕಾಯಿತು. ಡೊಂಬಿವಲಿಯ ಎರಡು ಕೋಣೆಯ ಮನೆಯಲ್ಲಿ ಮಾಳಾ ಎಂದರೆ ಎಸೆಯಲು ಮನಸ್ಸಿಲ್ಲದ್ದನ್ನೂ ನೋಡಲು ಧೈರ್ಯವಿಲ್ಲದ್ದನ್ನೂ ಒಟ್ಟಿಗೆ ತುರುಕಿಡುವ ಅಟ್ಟ. ಹಳೆಯ ಕುಕ್ಕರು, ಪ್ರಾಚಿಯ ಶಾಲೆಯ ಪುಸ್ತಕಗಳು, ಗಣಪತಿ ಮಂಟಪದ ಥರ್ಮೋಕೋಲು, ಇವೆಲ್ಲದರ ಹಿಂದೆ ನೀಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಕಟ್ಟು ಇತ್ತು. ಬಿಚ್ಚುವ ಮೊದಲೇ ವಾಸನೆ ಬಂತು. ಮಳೆಯಲ್ಲಿ ನೆನೆದು ಒಣಗಿದ ಕಾಗದ, ಮುದ್ರಣದ ಶಾಯಿ, ನುಸಿಗುಳಿಗೆ, ಮೂರೂ ಸೇರಿದ ವಾಸನೆ. ಸ್ಟೂಲಿನಿಂದ ಇಳಿದು ಅದರ ಮೇಲೆಯೇ ಕುಳಿತುಬಿಟ್ಟೆ. ನಾಲ್ಕು ಮಳೆಗಾಲದ ಹಿಂದೆ ನಾನೇ ಕಟ್ಟಿ, ನಾನೇ ಮೇಲೆ ತಳ್ಳಿದ ಕಟ್ಟು ಅದು.

ಒಳಗಿದ್ದದ್ದು ಸಣ್ಣ ಹಾಡಿನ ಪುಸ್ತಕಗಳು. 'ದಾಮಣ್ಣನ ಹಾಡುಗಳು, ಐವತ್ತು ವರ್ಷಗಳ ನೆನಪಿಗೆ. ಸಂಗ್ರಹ: ಶಶಿಕಲಾ.' ಆ ಶಶಿಕಲಾ ನಾನೇ. ಆ ದಿನ ಆ ಹೆಸರನ್ನು ಅಚ್ಚಿನಲ್ಲಿ ನೋಡಿ ಎಷ್ಟು ಹಿಗ್ಗಿದ್ದೆನೋ, ಆಮೇಲೆ ಅಷ್ಟೇ ನಾಚಿಕೆಪಟ್ಟಿದ್ದೇನೆ.

ದಾಮಣ್ಣ ಯಾರು ಎಂದು ಥಾಣೆಯಿಂದ ಕಲ್ಯಾಣದವರೆಗಿನ ನಮ್ಮ ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಉಡುಪಿ ಕಡೆಯಿಂದ ಬಂದು ಥಾಣೆ ಸ್ಟೇಷನ್ನಿನ ಬಳಿಯ ಒಂದು ಹೋಟೆಲಿನಲ್ಲಿ ದೋಸೆ ಹೊಯ್ಯಲು ನಿಂತವರು. ಹಾಡು ಕಟ್ಟಲು ಶುರು ಮಾಡಿದ್ದು ಆ ಕಾವಲಿಯ ಮುಂದೆಯೇ. ಹಿಟ್ಟು ತಿರುವುವ ಸೌಟಿನ ಲಯಕ್ಕೆ ಸಾಲು ಕೂರಿಸುತ್ತ, ದೋಸೆ ಮಗುಚುವಾಗ ಪ್ರಾಸ ಹುಡುಕುತ್ತ ಕಟ್ಟಿದ ಹಾಡುಗಳು. ಯಾವುದನ್ನೂ ಬರೆದಿಟ್ಟವರಲ್ಲ. ಕೇಳಿದರೆ, "ದೋಸೆ ಹೊಯ್ಯುವವನಿಗೆ ಎರಡೂ ಕೈಗೆ ಕೆಲಸ. ಬರೀಲಿಕ್ಕೆ ಮೂರನೇ ಕೈ ಎಲ್ಲಿಂದ ತರುವುದು ಮಾರಾಯ್ತಿ?" ಎನ್ನುತ್ತಿದ್ದರು. ಮೊದಲು ಇಲ್ಲಿನ ಕನ್ನಡ ಸಂಘದ ವಾರ್ಷಿಕೋತ್ಸವಗಳಲ್ಲಿ ಹಾಡಿದರು, ಆಮೇಲೆ ಕ್ಯಾಸೆಟ್ ಬಂತು. ಊರಿಗೆ ಹೋಗುವ ಬಸ್ಸುಗಳಲ್ಲೆಲ್ಲ ಅವರ ದನಿಯೇ. ಕ್ಯಾಸೆಟ್ ಹೋಗಿ ಸೀಡಿ ಬಂತು, ಅದೂ ಹೋಗಿ ಫೋನ್ ಬಂತು. ದಾಮಣ್ಣ ಮಾತ್ರ ಅದೇ ಬಿಳಿ ಅಂಗಿಯಲ್ಲಿ ಮದುವೆ, ನಾಮಕರಣ, ಸತ್ಯನಾರಾಯಣ ಪೂಜೆ, ನವರಾತ್ರಿ ಎಂದು ಲೋಕಲ್ ಗಾಡಿ ಹತ್ತಿ ಇಳಿಯುತ್ತಲೇ ಇದ್ದರು.

ಅವರ ಎಲ್ಲ ಹಾಡುಗಳಲ್ಲಿ ಜನ ಎಂದೂ ಬಿಡದೆ ಕೇಳುತ್ತಿದ್ದದ್ದು ನಾಲ್ಕನೇ ಸೀಟಿನ ಹಾಡು. ನಮ್ಮ ಲೋಕಲಿನಲ್ಲಿ ಮೂರು ಜನರ ಸೀಟಿನಲ್ಲಿ ನಾಲ್ಕನೆಯವರು ಅಂಚಿಗೆ ಒಂದು ತೊಡೆ ಊರಿ ಕೂರುತ್ತಾರಲ್ಲ, ಆ ಜಾಗದ ಹಾಡು.

ಸರಿದು ಕೂರೋ ಅಣ್ಣ ಸ್ವಲ್ಪ, ನನಗೂ ಜಾಗ ಇರಲಿ,
ಇಳಿವ ಊರು ದೂರ ಉಂಟು, ಮಾತು ಜೊತೆಗೆ ಬರಲಿ.

ಪಲ್ಲವಿ ಇಷ್ಟೇ. ಆಮೇಲೆ ಎರಡು ನುಡಿ. ಮೂರನೆಯ ನುಡಿ ಮಾತ್ರ ಪ್ರತಿ ಸಲವೂ ಹೊಸದು. ಅದನ್ನು ದಾಮಣ್ಣ ಹೆಸರು ಕಟ್ಟುವುದು ಎನ್ನುತ್ತಿದ್ದರು. ಯಾರ ಮನೆಯ ಕಾರ್ಯಕ್ರಮವೋ ಅವರ ಮನೆಗೆ ವಾರದ ಮೊದಲೇ ಹೋಗಿ ಚಹಾ ಕುಡಿದು ಬರುತ್ತಿದ್ದರು. ಯಾರಿಗೆ ಹುಷಾರಿಲ್ಲ, ಯಾರು ಊರಿಂದ ಬಂದಿದ್ದಾರೆ, ಯಾರು ಯಾರೊಡನೆ ಮಾತು ಬಿಟ್ಟಿದ್ದಾರೆ ಎಂದೆಲ್ಲ ತಿಳಿದುಕೊಂಡು, ಆ ಮನೆಯ ಒಬ್ಬರ ಹೆಸರನ್ನು ಮೂರನೆಯ ನುಡಿಯಲ್ಲಿ ಕೂರಿಸುತ್ತಿದ್ದರು. ಎರಡನೆಯ ನುಡಿ ಮುಗಿದ ಮೇಲೆ ತಬಲಾ ಒಂದೇ ಒಂದು ಸುತ್ತು ನುಡಿಯಬೇಕು. ಅಷ್ಟರಲ್ಲಿ ದಾಮಣ್ಣ ಸಭೆಯಲ್ಲಿ ಆ ಮುಖವನ್ನು ಹುಡುಕಿ, ಅದನ್ನು ನೋಡುತ್ತಲೇ ಹಾಡುತ್ತಿದ್ದರು. ಒಮ್ಮೆ ಹಾಡಿದ್ದನ್ನು ಇನ್ನೊಮ್ಮೆ ಹಾಡಿದವರಲ್ಲ.

ನನ್ನ ಮಗಳು ಪ್ರಾಚಿ ಹತ್ತನೆಯ ಪರೀಕ್ಷೆಯಲ್ಲಿ ಗಣಿತ ಕೆಡಿಸಿಕೊಂಡು ಎರಡು ದಿನ ಊಟ ಬಿಟ್ಟಿದ್ದಳು. ಆ ವಾರ ನಮ್ಮ ಮನೆಯ ಪೂಜೆ ಇತ್ತು.

ಪ್ರಾಚಿ ಎಂಬ ಪುಟ್ಟಿಗೊಂದು ಕಿಟಕಿ ಸೀಟು ಬಿಡಿರೋ,
ಲೆಕ್ಕ ತಪ್ಪಿ ಅತ್ತಳಿವಳು, ನಕ್ಕು ದಾರಿ ಕೊಡಿರೋ.

ಎಲ್ಲರೆದುರು ಮರ್ಯಾದೆ ಹೋಯಿತು ಎಂದು ಅವಳು ಮುಖ ಮುಚ್ಚಿಕೊಂಡಳು. ಬೆರಳುಗಳ ಸಂದಿಯಿಂದ ನಗುತ್ತಿದ್ದಳು. ಅಂದು ಎರಡು ತಟ್ಟೆ ಪ್ರಸಾದ ತಿಂದಳು.

ದಾಮಣ್ಣನ ಹಿಂದೆ ಹಾರ್ಮೋನಿಯಂ ಹಿಡಿದು ಕುಳಿತು, ಅವರ ಸಾಲಿಗೆ ದನಿ ಸೇರಿಸುತ್ತಿದ್ದವಳು ನಾನು. ಇಪ್ಪತ್ತೆರಡು ವರ್ಷ. ಅವರ ಮುಖಕ್ಕಿಂತ ಬೆನ್ನೇ ನನಗೆ ಹೆಚ್ಚು ಪರಿಚಯ. ಎಡಭುಜ ಸ್ವಲ್ಪ ಎತ್ತಿದರೆ ಸ್ವರ ಹಿಡಿದಿಡು ಎಂದು ಅರ್ಥ, ತಲೆ ಬಾಗಿಸಿದರೆ ಮುಗಿಸು ಎಂದು. ಹಾಡುವಾಗ ಅವರು ಒಮ್ಮೆಯೂ ಹಿಂದೆ ತಿರುಗಿ ನೋಡಿದ್ದಿಲ್ಲ. ವಾರದ ದಿನಗಳಲ್ಲಿ ನಾನು ಬೇಲಾಪುರದ ಒಂದು ಸರಕಾರಿ ಕಚೇರಿಯ ಗುಮಾಸ್ತೆ. ಡೊಂಬಿವಲಿಯಿಂದ ಥಾಣೆಗೆ ಬಂದು, ಪನವೇಲ್ ಗಾಡಿ ಹಿಡಿದು ಹೋಗುವವಳು. ಫೈಲಿನ ಟಿಪ್ಪಣಿಗಳಲ್ಲಿ ಬೇಡದ್ದನ್ನೆಲ್ಲ ಹೊಡೆದು ಹಾಕಿ ಚೊಕ್ಕ ಮಾಡುವುದೇ ನನ್ನ ಕೆಲಸ. ಅದರಲ್ಲಿ ನನಗೆ ಹೆಸರಿತ್ತು, ಸ್ವಲ್ಪ ಜಂಬವೂ ಇತ್ತು.

ಆ ವರ್ಷ ಜೂನಿನ ಮೊದಲ ಮಳೆಗೇ ಗಾಡಿಗಳು ತಡವಾಗಿದ್ದವು. ದಾಮಣ್ಣನ ದನಿ ಒಡೆದು ಮೂರು ತಿಂಗಳಾಗಿತ್ತು. ಎಲ್ಲರೂ ಶೀತ ಎಂದುಕೊಂಡಿದ್ದೆವು. ಒಂದು ಭಾನುವಾರ ಅವರ ಹೆಂಡತಿ ಲಲಿತಕ್ಕ ಫೋನ್ ಮಾಡಿ ಮನೆಗೆ ಬಾ ಎಂದರು. ಹೋದೆ. ಹೊರಗೆ ನೆನೆದ ಬಟ್ಟೆಗಳೆಲ್ಲ ಫ್ಯಾನಿನ ಕೆಳಗೆ ಹಗ್ಗದ ಮೇಲೆ ಒಣಗುತ್ತಿದ್ದವು. ಅವುಗಳ ನಡುವೆ ದಾಮಣ್ಣ ಶೇಂಗಾ ಸುಲಿಯುತ್ತ ಕುಳಿತಿದ್ದರು.

"ಗಂಟಲಿನ ಪೆಟ್ಟಿಗೆ ತೆಗೀಬೇಕಂತೆ ಶಶಿ," ಎಂದರು, ಬಾಡಿಗೆ ಮನೆ ಬಿಡಬೇಕಂತೆ ಎಂಬಷ್ಟೇ ಸಲೀಸಾಗಿ. "ಡಾಕ್ಟ್ರು ಹೇಳಿದ್ರು, ತೆಗೆದ್ರೆ ಬದುಕು ಉಂಟು, ದನಿ ಇಲ್ಲ. ತೆಗೆಯದಿದ್ರೆ ಸ್ವಲ್ಪ ದಿನ ದನಿ ಉಂಟು, ಆಮೇಲೆ ಎರಡೂ ಇಲ್ಲ."

ಲಲಿತಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, "ನಾನು ತೆಗೆಸ್ಲಿಕ್ಕೇ ಹೇಳಿದ್ದು. ನನಗೆ ಹಾಡು ಬೇಡ, ಇವರು ಬೇಕು," ಎಂದರು.

ಆಗಸ್ಟಿನ ಒಂದು ಮಂಗಳವಾರ ಆಪರೇಷನ್ ಎಂದಾಯಿತು. ಅದೇ ಹೊತ್ತಿಗೆ ನಮ್ಮ ಸಂಘದವರು ಅವರ ಐವತ್ತು ವರ್ಷದ ಹಾಡಿಕೆಗೆ ಸನ್ಮಾನ ಇಟ್ಟುಕೊಳ್ಳಲು ಹೊರಟಿದ್ದರು. ಆಪರೇಷನ್ನಿನ ಹಿಂದಿನ ಭಾನುವಾರಕ್ಕೆ ಥಾಣೆಯ ಮಾಜಿವಾಡಾದ ಒಂದು ಸಭಾಂಗಣ ಸಿಕ್ಕಿತು. ವಿಷಯ ಯಾರಿಗೂ ಹೇಳಕೂಡದು ಎಂದು ದಾಮಣ್ಣ ನನ್ನಿಂದ ಮಾತು ತೆಗೆದುಕೊಂಡರು. "ಗೊತ್ತಾದ್ರೆ ಜನ ಅಳ್ತಾ ಕೂತ್ಕೊಳ್ತಾರೆ. ತಾಳ ಹಾಕುವವರು ಯಾರು ಮತ್ತೆ?"

ಹಾಡುಗಳನ್ನೆಲ್ಲ ಅವರ ಬಾಯಿಂದ ಈಗಲೇ ತೆಗೆದು ಪುಸ್ತಕ ಮಾಡಬೇಕು ಎಂಬುದು ನನ್ನ ಹಟ. ಮಂಗಳವಾರದ ನಂತರ ಕೇಳಲು ಯಾರೂ ಇರುವುದಿಲ್ಲವಲ್ಲ. ಕಚೇರಿಯಿಂದ ಬರುವಾಗ ವಾರಕ್ಕೆ ಮೂರು ದಿನ ಅವರ ಮನೆಗೆ ಹೋಗಿ ಕುಳಿತೆ. ಅವರು ಪಿಸುಮಾತಿನಲ್ಲಿ ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಪಲ್ಲವಿ ಕೊಟ್ಟರು, ನುಡಿಗಳನ್ನು ಕೊಟ್ಟರು. ಹೆಸರು ಕಟ್ಟಿದ ನುಡಿಗಳನ್ನು ಮಾತ್ರ ಕೊಡಲಿಲ್ಲ. "ಅದು ಅವರವರದ್ದು. ಕೊಟ್ಟಾಯ್ತು. ನನ್ನ ಹತ್ತಿರ ಈಗ ಇಲ್ಲ."

ಹಾಗಾದರೆ ಜನರಿಂದಲೇ ತೆಗೆಯೋಣ ಎಂದು ವಾಟ್ಸಾಪಿನಲ್ಲಿ ಒಂದು ಸಂದೇಶ ಹಾಕಿದೆ. ನಾಲ್ಕನೇ ಸೀಟಿನ ಹಾಡಿನ ಪೂರ್ತಿ ಪಾಠ ಯಾರಲ್ಲಿದೆ, ಕಳಿಸಿ ಎಂದು. ಜೇನುಗೂಡಿಗೆ ಕೈ ಹಾಕಿದ ಹಾಗಾಯಿತು. ಒಂದೊಂದು ಮನೆಯಿಂದ ಒಂದೊಂದು ಮೂರನೆಯ ನುಡಿ. ಪ್ರತಿ ಮನೆಯವರೂ ತಮ್ಮದೇ ಅಸಲು ಎನ್ನುವವರು. ಕಲ್ಯಾಣದಲ್ಲಿರುವ ರೈಲ್ವೆ ನಿವೃತ್ತ ಮಲ್ಲಪ್ಪನವರು, ಹುಬ್ಬಳ್ಳಿ ಕಡೆಯವರು, ನಮ್ಮ ತಬಲಾದವರೂ ಹೌದು, ಅವರಂತೂ ಫೋನ್ ಮಾಡಿ ದಬಾಯಿಸಿದರು.

"ಏನ್ರೀ ಶಶಿಕಲಾ ಬಾಯಾರ, ನಮ್ಮ ತಂಗಿ ಹೆಸರಿಲ್ಲದ ಹಾಡು ಅದೆಂಥಾ ಹಾಡ್ರೀ? ಆಕಿ ತೀರಿಹೋಗಿ ಆರು ವರ್ಷ ಆತು. ಆ ಹಾಡಿನ್ಯಾಗ ಅಷ್ಟ ಅದಾಳ ನೋಡ್ರಿ."

ಇಪ್ಪತ್ತು ದಿನದಲ್ಲಿ ನಲವತ್ತಕ್ಕೂ ಹೆಚ್ಚು ನುಡಿಗಳು ಬಂದವು. ಕೆಲವು ಅರ್ಧಂಬರ್ಧ, ಕೆಲವಕ್ಕೆ ತಾಳವೇ ಕೂರುವುದಿಲ್ಲ. ಯಾವುದನ್ನು ಸೇರಿಸಿದರೂ ಉಳಿದವರಿಗೆ ಸಿಟ್ಟು. ಆಗ ನನ್ನೊಳಗಿನ ಗುಮಾಸ್ತೆ ಎದ್ದು ಕುಳಿತಳು. ಇದು ಹಾಡಿನ ಭಾಗವೇ ಅಲ್ಲ, ಮನೆಯವರಿಗೆ ತೋರಿಸುವ ಸೌಜನ್ಯ ಎಂದು ತೀರ್ಮಾನಿಸಿ ಎಲ್ಲವನ್ನೂ ಹೊಡೆದು ಹಾಕಿದೆ. ಪಲ್ಲವಿ, ಎರಡು ನುಡಿ, ಮತ್ತೆ ಪಲ್ಲವಿ. ಪುಟ ಚೊಕ್ಕವಾಯಿತು.

ಪುಟ ಜೋಡಿಸಿ ಕೊಟ್ಟವಳು ಪ್ರಾಚಿ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ. "ಮಮ್ಮಾ, ನಾಮ್‌ವಾಲಾ ಪಾರ್ಟ್ ಕ್ಯೂಂ ನಿಕಾಲಾ? ವಹೀ ತೋ ಗಾನಾ ಹೈ," ಎಂದಳು. ಹೆಸರಿನ ಭಾಗ ಯಾಕೆ ತೆಗೆದೆ, ಅದೇ ಅಲ್ಲವೇ ಹಾಡು ಎಂದು ಅವಳ ಪ್ರಶ್ನೆ. ನಿನಗೇನು ಗೊತ್ತಾಗುತ್ತದೆ, ಸುಮ್ಮನೆ ಮಾಡು ಎಂದು ಗದರಿದೆ.

ಕರಡನ್ನು ದಾಮಣ್ಣನಿಗೆ ಓದಿ ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ನಾಲ್ಕನೇ ಸೀಟು ಮುಗಿದಾಗ ಕಣ್ಣು ತೆರೆದರು. "ಒಳ್ಳೆ ಕ್ಲೀನ್ ಉಂಟು," ಎಂದರು. ಹೊಗಳಿಕೆ ಎಂದುಕೊಂಡು ಖುಷಿಯಲ್ಲಿ ಮಳೆಯಲ್ಲೇ ನಡೆದುಕೊಂಡು ಸ್ಟೇಷನ್ನಿಗೆ ಬಂದೆ.

ಆ ಭಾನುವಾರ ಮಳೆ ಬಿಡಲೇ ಇಲ್ಲ. ಆದರೂ ಸಭಾಂಗಣ ತುಂಬಿತು. ಬಾಗಿಲಲ್ಲಿ ಕೊಡೆಗಳ ರಾಶಿ. ನೆಲವೆಲ್ಲ ಒದ್ದೆ. ಪುಸ್ತಕದ ಕಟ್ಟುಗಳೂ ಟೆಂಪೋದಿಂದ ಇಳಿಸುವಾಗ ಅಂಚಿನಲ್ಲಿ ನೆನೆದಿದ್ದವು. ಪ್ರಾಚಿಯನ್ನು ಬಾಗಿಲಲ್ಲಿ ನಿಲ್ಲಿಸಿ ಬಂದವರ ಕೈಗೆಲ್ಲ ಒಂದೊಂದು ಕೊಡಿಸಿದೆ. ಅದೂ ನನ್ನದೇ ಯೋಜನೆ. ದಾಮಣ್ಣನ ದನಿಗೆ ತ್ರಾಣವಿಲ್ಲ, ಸಭೆಯೇ ಓದಿಕೊಂಡು ಜೊತೆಗೆ ಹಾಡಿದರೆ ಅವರಿಗೆ ಸುಲಭವಾಗುತ್ತದೆ ಎಂದು ಲೆಕ್ಕ ಹಾಕಿದ್ದೆ. ಮಲ್ಲಪ್ಪನವರು ತಬಲಾ ಬಿಗಿ ಮಾಡುತ್ತಲೇ ಪುಟ ತಿರುವಿ, "ನಮ್ಮ ತಂಗಿ ಎಲ್ಲಿ ಹೋದ್ಳ್ರೀ?" ಎಂದು ಒಂದೇ ಮಾತು ಕೇಳಿದರು. ಆಮೇಲೆ ನನ್ನ ಕಡೆ ನೋಡಲಿಲ್ಲ.

ದಾಮಣ್ಣ ಆ ದಿನ ಮೂರೇ ಹಾಡು ಹಾಡಿದರು. ಕೊನೆಗೆ ನಾಲ್ಕನೇ ಸೀಟು. ಹರಿದ ದನಿ, ಆದರೆ ಲಯ ಒಂದಿಷ್ಟೂ ಅಲುಗಲಿಲ್ಲ. ಸಭೆ ಪುಸ್ತಕ ನೋಡಿಕೊಂಡು ಗಟ್ಟಿಯಾಗಿ ಜೊತೆಗೂಡಿತು. ನನ್ನ ಯೋಜನೆ ಫಲಿಸಿತಲ್ಲ ಎಂದು ಒಳಗೊಳಗೇ ಬೀಗಿದೆ. ಎರಡನೆಯ ನುಡಿ ಮುಗಿಯಿತು. ತಬಲಾ ತನ್ನ ಒಂದು ಸುತ್ತನ್ನು ಹಿಡಿಯಿತು.

ಆಗ ದಾಮಣ್ಣ ಹಿಂದೆ ತಿರುಗಿದರು.

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ನೇರ ನನ್ನ ಮುಖ ನೋಡಿದರು. ನಾನು ಸ್ವರ ತಪ್ಪಿದೆನೇನೋ ಎಂದು ಗಾಬರಿಯಾಗಿ ತಲೆ ಬಗ್ಗಿಸಿ ನನ್ನ ಬೆರಳು ನೋಡಿಕೊಂಡೆ. ಅಷ್ಟರಲ್ಲಿ ಸುತ್ತು ಮುಗಿಯುವ ಮೊದಲೇ ಸಭೆ ಪುಸ್ತಕದಲ್ಲಿದ್ದಂತೆ ಪಲ್ಲವಿಯನ್ನು ಎತ್ತಿಕೊಂಡಿತು. ನಾನೂ ಎತ್ತಿಕೊಂಡೆ. ಮುನ್ನೂರು ತಲೆಗಳು ಕಾಗದದ ಮೇಲೆ ಬಾಗಿದ್ದವು, ಮುನ್ನೂರು ದನಿಗಳು ಸರಿದು ಕೂರೋ ಅಣ್ಣ ಎನ್ನುತ್ತಿದ್ದವು. ದಾಮಣ್ಣ ತೆರೆದ ಬಾಯಿಯನ್ನು ಮುಚ್ಚಿಕೊಂಡರು. ನಕ್ಕರು. ಮುಂದೆ ತಿರುಗಿ ಕೈಯಿಂದ ತಾಳ ಹಾಕುತ್ತ ನಿಂತರು. ಚಪ್ಪಾಳೆ ಎರಡು ನಿಮಿಷ ನಿಲ್ಲಲಿಲ್ಲ. ದಾಮಣ್ಣನ ಬಾಯಲ್ಲಿ ಏನೋ ಉಳಿದುಹೋಯಿತು ಎಂದು ಗೊತ್ತಾದದ್ದು ಮಲ್ಲಪ್ಪನವರೊಬ್ಬರಿಗೇ ಇರಬೇಕು. ಅವರು ಚಪ್ಪಾಳೆ ತಟ್ಟಲಿಲ್ಲ.

ಮಂಗಳವಾರ ಆಪರೇಷನ್ ಆಯಿತು. ಮನೆಗೆ ಬಂದ ಮೇಲೆ ನೋಡಲು ಹೋದೆ. ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿಕೊಂಡು ಕುಳಿತಿದ್ದರು. ಕೈಯಲ್ಲಿ ಮಕ್ಕಳ ಜಾದೂ ಪಾಟಿ, ಬರೆದು ಕೆಳಗಿನ ಪಟ್ಟಿ ಎಳೆದರೆ ಎಲ್ಲ ಅಳಿಸಿಹೋಗುವಂಥದ್ದು. ಜನ್ಮದಲ್ಲಿ ಒಂದು ಸಾಲು ಬರೆದಿಡದ ಮನುಷ್ಯ ಈಗ ನೀರು ಬೇಕೆಂದರೂ ಬರೆಯಬೇಕಾಗಿತ್ತು. ಬರೆದು ತೋರಿಸಿ ತಕ್ಷಣ ಎಳೆದು ಅಳಿಸುತ್ತಿದ್ದರು. ಮಾತಿನ ನಡುವೆ ನಾನು ಕೇಳಿದೆ, ಅವತ್ತು ಯಾಕೆ ಹಿಂದೆ ತಿರುಗಿದಿರಿ ದಾಮಣ್ಣ, ನನ್ನದು ತಪ್ಪಾಯಿತಾ ಎಂದು.

ಅವರು ಬರೆದರು: ಆ ದಿನದ್ದು ಆ ದಿನಕ್ಕೆ ಆಯ್ತು. ಪಟ್ಟಿ ಎಳೆದರು.

ಚಹಾ ಮಾಡಲು ಲಲಿತಕ್ಕನ ಜೊತೆ ಅಡುಗೆಮನೆಗೆ ಹೋದಾಗ ಅವರು ಸ್ಟೋವ್ ಹೊತ್ತಿಸುತ್ತ ಮೆಲ್ಲಗೆ ಹೇಳಿದರು. "ಅವತ್ತು ನಿನ್ನ ಹೆಸರು ಕಟ್ಟಿದ್ರು ಶಶಿ. ಒಂದು ವಾರ ಬೆಳಿಗ್ಗೆ ಬಚ್ಚಲಲ್ಲಿ ಅದನ್ನೇ ಗುನುಗ್ತಿದ್ರು. ನೀರಿನ ಸದ್ದಿಗೆ ನನಗೆ ಸರಿ ಕೇಳ್ಲಿಲ್ಲ. ಶಶಿ, ಶಶಿ ಅಂತ ಮಾತ್ರ ಕೇಳ್ತಿತ್ತು. 'ಯಾವಾಗ್ಲೂ ಹಿಂದೆಯೇ ಕೂತಳು, ಅವಳಿಗೊಂದು ಬಾಕಿ ಉಂಟು' ಅಂದಿದ್ರು."

ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ. ಐವತ್ತು ವರ್ಷ ಹಾಡಿದ ಮನುಷ್ಯನ ಕೊನೆಯ ನುಡಿ, ಅದೂ ನನಗಾಗಿಯೇ ಕಟ್ಟಿದ್ದು, ಅದನ್ನು ನಾನೇ ಅಚ್ಚು ಹಾಕಿಸಿದ ಕಾಗದದಿಂದ ನಾನೇ ಮುಚ್ಚಿಬಿಟ್ಟಿದ್ದೆ. ಮನೆಗೆ ಬಂದು ಉಳಿದ ಪುಸ್ತಕಗಳನ್ನು ನೀಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮಾಳಾದ ಮೇಲೆ ತಳ್ಳಿದೆ. ನಾಲ್ಕು ವರ್ಷ ಹಾರ್ಮೋನಿಯಂ ಮುಟ್ಟಲಿಲ್ಲ. ಸಂಘದವರು ಕೇಳಿದರೆ ಬೆರಳು ನೋವು ಎನ್ನುತ್ತಿದ್ದೆ.

ಕಳೆದ ಶನಿವಾರ ಸಾನಪಾಡಾದ ಒಂದು ಸಣ್ಣ ಸಭಾಂಗಣದಲ್ಲಿ ಪ್ರಾಚಿಯ ಮೆಹಂದಿ. ಸಂಜೆ ನಾಲ್ಕಕ್ಕೇ ಹುಡುಗಿಯರ ಕುಣಿತ ಶುರುವಾಗಿತ್ತು. ದಾಮಣ್ಣ, ಲಲಿತಕ್ಕ ಮುಂದಿನ ಸಾಲಿನಲ್ಲಿದ್ದರು. ಹಿರಿಯರು ಯಾರೋ ನಾಲ್ಕನೇ ಸೀಟು ಹಾಕಿ ಎಂದರು. ಫೋನಿನಲ್ಲಿ ಹುಡುಕಿ ಹಚ್ಚಲು ಹೊರಟಾಗ ಪ್ರಾಚಿ ಮೆಹಂದಿ ಹಚ್ಚಿದ ಎರಡೂ ಕೈಗಳನ್ನು ಮೇಲೆತ್ತಿಕೊಂಡು ಎದ್ದು ಬಂದಳು.

"ಫೋನ್ ನಹೀಂ. ಮಮ್ಮಾ, ತೂ ಗಾ. ಪೇಟಿ ಗಾಡೀ ಮೇಂ ರಖೀ ಹೈ ಮೈನೇ."

ಫೋನ್ ಬೇಡ, ನೀನೇ ಹಾಡು ಎಂದು ಹಟ. ನನ್ನ ಹಾರ್ಮೋನಿಯಂ ಪೆಟ್ಟಿಗೆಯನ್ನು ನನಗೆ ಹೇಳದೆ ಕಾರಿನಲ್ಲಿ ಹಾಕಿಕೊಂಡು ಬಂದಿದ್ದಳು. ಮಲ್ಲಪ್ಪನವರು ಒಂದು ಖಾಲಿ ಸ್ಟೀಲಿನ ಡಬ್ಬಿ ಮಗುಚಿ ಹಾಕಿಕೊಂಡು ನನ್ನ ಪಕ್ಕ ಕುಳಿತರು. ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ. ಪಲ್ಲವಿ ಹಾಡಿದೆ. ಮೊದಲ ನುಡಿಯಲ್ಲಿ ಶ್ರುತಿ ಜಾರಿತು, ಎರಡನೆಯದರಲ್ಲಿ ಕೂತಿತು. ಮಲ್ಲಪ್ಪನವರು ಡಬ್ಬಿಯ ಮೇಲೆ ಸುತ್ತು ಹಿಡಿದರು. ಯಾರ ಕೈಯಲ್ಲೂ ಕಾಗದವಿರಲಿಲ್ಲ. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ದಾಮಣ್ಣ ಮದುಮಗಳ ಕಡೆ ಬೆರಳು ತೋರಿಸಿದರು, ಅವಳ ಹೆಸರು ಕಟ್ಟು ಎಂದು.

ನಾನು ಅವರ ಹೆಸರು ಕಟ್ಟಿದೆ. ಮಾಳಾ ಖಾಲಿ ಮಾಡಿದ ದಿನದಿಂದ ಗಾಡಿಯಲ್ಲಿ ಹೋಗುತ್ತ ಬರುತ್ತ, ಎಂದಾದರೂ ಧೈರ್ಯ ಬಂದರೆ ಎಂದು ಮನಸ್ಸಿನಲ್ಲೇ ಕೂರಿಸಿಕೊಂಡಿದ್ದ ಎರಡು ಸಾಲು. ಇಡೀ ಊರಿನ ಹೆಸರು ಕಟ್ಟಿದ ಮನುಷ್ಯನ ಹೆಸರನ್ನು ಅಲ್ಲಿಯವರೆಗೆ ಒಬ್ಬರೂ ಕಟ್ಟಿರಲಿಲ್ಲ. ದಾಮೋದರ ಎಂಬ ಅವರ ಪೂರ್ತಿ ಹೆಸರು ಬಂದ ಕೂಡಲೇ ಲಲಿತಕ್ಕ ಗಂಡನ ತೋಳು ಹಿಡಿದುಕೊಂಡರು. ದಾಮಣ್ಣ ತಲೆ ತಗ್ಗಿಸಿ ಕುಳಿತರು. ಬಲಗೈಯ ಬೆರಳು ಮಾತ್ರ ಮೊಣಕಾಲಿನ ಮೇಲೆ ತಾಳ ಹಾಕುತ್ತಿತ್ತು.

ಹಾಡು ಮುಗಿದ ಮೇಲೆ ಹೋಗಿ ಅವರ ಕಾಲು ಮುಟ್ಟಿದೆ. ಅವರು ಪಾಟಿ ತೆಗೆದು ಬರೆದರು: ಎರಡನೇ ಸಾಲಿಗೆ ಅವಸರ ಮಾಡಿದೆ. ಉಸಿರು ಇಟ್ಟುಕೊಳ್ಳಬೇಕು. ಪಟ್ಟಿ ಎಳೆದರು. ನಾನು ಅಳುತ್ತಲೇ ನಕ್ಕೆ. ಏಳಲು ಹೊರಟವಳನ್ನು ಭುಜ ಹಿಡಿದು ಕೂರಿಸಿ ಮತ್ತೆ ಬರೆಯತೊಡಗಿದರು. ಈ ಸಲ ಬಹಳ ಹೊತ್ತು ಬರೆದರು. ಅಕ್ಷರ ಸಣ್ಣದು ಮಾಡಿ, ಪಾಟಿಯ ಅಂಚಿನವರೆಗೂ. ನನ್ನ ಕಡೆ ತಿರುಗಿಸಿದರು.

ಮೊದಲ ಪದವೇ ನನ್ನ ಹೆಸರು.

ಎರಡು ಸಾಲು. ಒಮ್ಮೆ ಓದಿದೆ, ಮತ್ತೊಮ್ಮೆ ಓದಿದೆ. ಓದಿಯಾಯಿತೇ ಎಂದು ಕಣ್ಣಲ್ಲೇ ಕೇಳಿದರು. ಆಯಿತು ಎಂದೆ. ಪಟ್ಟಿ ಎಳೆದರು.

"ಅರೇ ಮಮ್ಮಾ, ಫೋಟೋ ತೋ ಲೇ ಲೇತೀ!" ಎಂದು, ಫೋಟೋ ತೆಗೆದುಕೊಳ್ಳಲಿಲ್ಲವೆಂದು ಪ್ರಾಚಿ ಬೈದಳು. ಏನು ಬರೆದಿದ್ದರು ಎಂದು ಮಲ್ಲಪ್ಪನವರೂ ಕೇಳಿದರು.

ಹಳೆಯ ಪುಸ್ತಕಗಳಲ್ಲಿ ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ರದ್ದಿ ಪೇಪರಿನವನಿಗೆ ಹಾಕಿದ್ದೇನೆ. ಮದುವೆ ಮುಗಿಯಿತು, ಸೋಮವಾರದಿಂದ ಮತ್ತೆ ಕಚೇರಿ. ಥಾಣೆಯಿಂದ ಬೇಲಾಪುರದವರೆಗೆ ಅಂಚಿನ ಸೀಟಿನಲ್ಲಿ ಕುಳಿತು ಆ ಎರಡು ಸಾಲನ್ನು ಗುನುಗುತ್ತೇನೆ. ಪಕ್ಕದವಳು ಏನೋ ಎಂದುಕೊಂಡು ಒಂದಿಷ್ಟು ಸರಿದು ಕೂರುತ್ತಾಳೆ. ಸಾಲು ಎರಡೂ ನನಗೆ ಬಾಯಿಪಾಠ. ಎಲ್ಲಿಯೂ ಬರೆದಿಟ್ಟಿಲ್ಲ, ಇಲ್ಲಿಯೂ ಬರೆಯುವುದಿಲ್ಲ.